ಕಷ್ಟದ ಕಾಲೇಜಿನ ಮೊದಲ ವರ್ಷದಲ್ಲಿ ಒಳ್ಳೆಯ ಗ್ರೇಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಸೇರಿದವರು ಪ್ರತಿ ವರ್ಷ ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳಿವು. ಹೆಚ್ಚಿನವರು ಬರುವುದು ಮೊದಲ ಇಂಟರ್ನಲ್ಸ್ ಮುಗಿದು ಮಾರ್ಕ್ಸ್ ಬಂದ ಮೇಲೆ. ಅದಕ್ಕೆ ಮುಂಚೆಯೇ ಇದು ನಿಮ್ಮ ಕೈಗೆ ಸಿಕ್ಕಿದ್ದರೆ ಜಾಸ್ತಿ ಉಪಯೋಗ. ಸಿಕ್ಕದಿದ್ದರೂ ತಡವಾಗಿಲ್ಲ, ಕೊನೆಯ ಪ್ರಶ್ನೆ ನಿಮಗಾಗಿಯೇ ಇದೆ.

ಶಾಲೆಯಲ್ಲಿ ಯಾವಾಗಲೂ ಮೊದಲ ಮೂವರಲ್ಲಿ ಇರುತ್ತಿದ್ದೆ. ಇಲ್ಲಿ ಮೊದಲ ಟೆಸ್ಟಿನಲ್ಲೇ ಮುಗ್ಗರಿಸಿದೆ. ನನಗೆ ತಲೆ ಇಲ್ವಾ?

ಇದೆ. ಇಲ್ಲದಿದ್ದರೆ ಆ ಕಾಲೇಜಿನಲ್ಲಿ ಸೀಟೇ ಸಿಗುತ್ತಿರಲಿಲ್ಲ.

ನನ್ನ ಮೊದಲ ಗಣಿತದ ಟೆಸ್ಟಿನಲ್ಲಿ 100ಕ್ಕೆ 38 ಬಂದಿತ್ತು. ಉತ್ತರಪತ್ರಿಕೆಯನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ ಬ್ಯಾಗಿನ ತಳಕ್ಕೆ ತುರುಕಿದ್ದೆ. ಎರಡು ವಾರ ಅದನ್ನು ತೆಗೆದು ನೋಡಲಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದವನೂ ಅದನ್ನೇ ಮಾಡಿದ್ದ ಎಂದು ಗೊತ್ತಾಗಿದ್ದು ವರ್ಷದ ಕೊನೆಗೆ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಬದಲಾಗಿರುವುದು ಓದಿನ ವೇಗ. ಶಾಲೆಯಲ್ಲಿ ಒಂದು ಪಾಠವನ್ನು ಮೂರು ವಾರ ಎಳೆಯುತ್ತಿದ್ದರು. ಟೀಚರ್ರೇ ನಾಲ್ಕು ಸಲ ಹೇಳಿ, ಬರೆಸಿ, ಕಿರುಪರೀಕ್ಷೆ ಮಾಡುತ್ತಿದ್ದರು. ಅಂದರೆ ಪುನರಾವರ್ತನೆಯನ್ನು ನಮ್ಮ ಪರವಾಗಿ ಬೇರೆಯವರು ಮಾಡಿಸುತ್ತಿದ್ದರು. ಇಲ್ಲಿ ಅದೇ ಗಾತ್ರದ ಪಾಠ ಎರಡು ಕ್ಲಾಸಿನಲ್ಲಿ ಮುಗಿಯುತ್ತದೆ. ಪುನರಾವರ್ತನೆ ನಿಮ್ಮ ತಲೆಗೆ ಬಿತ್ತು, ಆದರೆ ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ವರ್ಷ ಗ್ರೇಡ್ ಕಳೆದುಕೊಳ್ಳುವವರಲ್ಲಿ ಬಹುತೇಕರು ಎಡವುವುದು ಇಲ್ಲೇ. ಇದು ಸರಿಪಡಿಸಬಹುದಾದ ವಿಷಯ. ಕೆಳಗಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ಮೊದಲ ವಾರ ಏನು ಮಾಡಬೇಕು?

ಪ್ರತಿ ವಿಷಯದ ಸಿಲಬಸ್ ಹಾಳೆ ತೆಗೆದುಕೊಂಡು ಎರಡು ಸಂಗತಿ ಹುಡುಕಿ: ಯಾವುದಕ್ಕೆ ಎಷ್ಟು ಮಾರ್ಕ್ಸ್, ಯಾವುದು ಯಾವತ್ತು. ಟೆಸ್ಟ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್, ವೈವಾ, ಎಲ್ಲದರ ತಾರೀಖನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೇರೆ ಬೇರೆ ಕಡೆ ಬರೆದರೆ ಪ್ರಯೋಜನ ಇಲ್ಲ. ಒಟ್ಟಿಗೆ ಕಂಡಾಗಲೇ ಗೊತ್ತಾಗುವುದು, ಏಳನೇ ವಾರದಲ್ಲಿ ಮೂರು ಟೆಸ್ಟೂ ಎರಡು ಅಸೈನ್‌ಮೆಂಟೂ ಒಂದರ ಮೇಲೊಂದು ಬಿದ್ದಿವೆ ಎಂದು. ಆರನೇ ವಾರದ ಕೊನೆಗೆ ಗೊತ್ತಾದರೆ ಗಾಬರಿ. ಮೊದಲ ವಾರವೇ ಗೊತ್ತಾದರೆ ಐದನೇ ವಾರದಲ್ಲಿ ಅಸೈನ್‌ಮೆಂಟ್ ಮುಗಿಸಿ ಇಡಬಹುದು.

ಎಲ್ಲ ವಿಷಯಕ್ಕೂ ಸಮನಾಗಿ ಸಮಯ ಕೊಡಬೇಕಾ?

ಬೇಡ. ಕ್ರೆಡಿಟ್, ಅಂದರೆ ಪ್ರತಿ ವಿಷಯಕ್ಕೆ ಕಾಲೇಜು ಕೊಟ್ಟಿರುವ ತೂಕ, ನೋಡಿ ಹಂಚಿ. ಎಷ್ಟೋ ಜನ ಈ ಲೆಕ್ಕವನ್ನು ಒಮ್ಮೆಯೂ ಮಾಡಿ ನೋಡಿರುವುದಿಲ್ಲ. ಜಿಪಿಎ, ಅಂದರೆ ಎಲ್ಲ ವಿಷಯ ಸೇರಿದ ನಿಮ್ಮ ಒಟ್ಟಾರೆ ಗ್ರೇಡ್, ಸುಮ್ಮನೆ ಕೂಡಿ ಭಾಗಿಸುವ ಸರಾಸರಿ ಅಲ್ಲ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುತ್ತಾರೆ.

ನಿಮಗೆ 4 ಕ್ರೆಡಿಟ್‌ನ ಗಣಿತದಲ್ಲಿ 6 ಪಾಯಿಂಟ್, 1 ಕ್ರೆಡಿಟ್‌ನ ಲ್ಯಾಬಿನಲ್ಲಿ 10 ಪಾಯಿಂಟ್ ಬಂತು ಅಂದುಕೊಳ್ಳಿ. ಮನಸ್ಸು 8 ಎಂದು ಹೇಳುತ್ತದೆ. ನಿಜವಾದ ಲೆಕ್ಕ: 24 ಮತ್ತು 10 ಸೇರಿ 34, ಅದನ್ನು 5ರಿಂದ ಭಾಗಿಸಿದರೆ 6.8. ಅದೇ ಗಣಿತದಲ್ಲಿ 8, ಲ್ಯಾಬಿನಲ್ಲಿ 8 ಬಂದಿದ್ದರೆ ಸರಾಸರಿ 8 ಆಗುತ್ತಿತ್ತು. ಲ್ಯಾಬ್ ರೆಕಾರ್ಡಿಗೆ ಬಣ್ಣ ಬಣ್ಣದ ಗೆರೆ ಎಳೆಯುತ್ತಾ ಇಡೀ ಸಂಜೆ ಕಳೆಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಆ ಸಂಜೆ ಗಣಿತಕ್ಕೆ ಸೇರಬೇಕಿತ್ತು.

ದಿನಕ್ಕೆ ಎಷ್ಟು ಗಂಟೆ ಓದಬೇಕು?

ದಿನದ ಲೆಕ್ಕಕ್ಕಿಂತ ವಾರದ ಲೆಕ್ಕ ಇಟ್ಟುಕೊಳ್ಳಿ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಕ್ಲಾಸು, ಲ್ಯಾಬು, ಮನೆಯ ಓದು ಎಲ್ಲ ಸೇರಿ ವರ್ಷಕ್ಕೆ 1500ರಿಂದ 1800 ಗಂಟೆ ಆಯಿತು. ಅಮೆರಿಕದ ಕಾಲೇಜುಗಳಲ್ಲಿ ಒಂದು ಗಂಟೆ ಕ್ಲಾಸಿಗೆ ಹೊರಗೆ ಎರಡು ಗಂಟೆ ಓದು ಎಂಬ ಲೆಕ್ಕ ಹಳೆಯದು. ಎರಡೂ ಹೇಳುವುದು ಒಂದೇ: ಇದು ಪೂರ್ತಿ ಸಮಯದ ಕೆಲಸ.

ಆದರೆ ಗಂಟೆ ಎಣಿಸುವುದಕ್ಕೆ ಒಂದು ಮಿತಿ ಇದೆ. ಪುಸ್ತಕ ಬಿಚ್ಚಿಟ್ಟುಕೊಂಡು ಮೂರು ಗಂಟೆ ಕೂತಿದ್ದೆ ಎನ್ನುವುದಕ್ಕೂ ಹನ್ನೆರಡು ಲೆಕ್ಕ ಮಾಡಿದೆ ಎನ್ನುವುದಕ್ಕೂ ಅಜಗಜಾಂತರ. ಕೂರುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ, ಏಳುವಷ್ಟರಲ್ಲಿ ಏನು ಮುಗಿದಿರಬೇಕು ಎಂದು.

ಸ್ಲೈಡ್ಸ್ ಸಿಗುತ್ತವಲ್ಲ, ಕ್ಲಾಸಿಗೆ ಹೋಗಲೇಬೇಕಾ?

ಹೋಗಿ. ಸ್ಲೈಡಿನಲ್ಲಿ ಇಲ್ಲದ ಒಂದು ಮಾತನ್ನು ಮೇಷ್ಟ್ರು ಎರಡು ಸಲ ಹೇಳಿದರೆ ಅದು ಪರೀಕ್ಷೆಗೆ ಬರುವ ಸಾಧ್ಯತೆ ಜಾಸ್ತಿ. ಅಲ್ಲಿ ಕೂತಿದ್ದವರಿಗೆ ಮಾತ್ರ ಅದು ಕೇಳಿಸಿರುತ್ತದೆ.

ನೋಟ್ಸ್ ಹೇಗೆ ಬರೆದುಕೊಳ್ಳಬೇಕು?

ಹೇಳಿದ್ದನ್ನೆಲ್ಲ ಬರೆಯಲು ಹೋಗಬೇಡಿ. ಕೈ ಓಡುತ್ತದೆ, ತಲೆ ನಿಂತಿರುತ್ತದೆ. 1950ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ಒಂದು ಸರಳ ವಿಧಾನ ಮಾಡಿದರು. ಹಾಳೆಯ ಎಡಗಡೆ ಒಂದು ಕಿರಿದಾದ ಪಟ್ಟಿ ಬಿಡಬೇಕು. ಬಲಗಡೆ ದೊಡ್ಡ ಜಾಗದಲ್ಲಿ ಕ್ಲಾಸಿನ ನೋಟ್ಸ್. ಕೆಳಗೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಸಾರಾಂಶ. ಕ್ಲಾಸ್ ಮುಗಿದ ಮೇಲೆ ಎಡ ಪಟ್ಟಿಯಲ್ಲಿ ಪ್ರಶ್ನೆಗಳನ್ನು ಬರೆಯಬೇಕು: ಬಲಗಡೆ ಇರುವುದು ಯಾವ ಪ್ರಶ್ನೆಗೆ ಉತ್ತರ?

ನಾನು ಹೆಚ್ಚು ನೆಚ್ಚಿಕೊಂಡಿರುವುದು ಆ ಎಡ ಪಟ್ಟಿಯನ್ನು. ಪರೀಕ್ಷೆ ಹತ್ತಿರ ಬಂದಾಗ ಬಲಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಂಡರೆ ಸಾಕು. ನೋಟ್ಸೇ ಪ್ರಶ್ನೆಪತ್ರಿಕೆ ಆಗಿಬಿಡುತ್ತದೆ. ಪ್ರಶ್ನೆ ಬರೆಯುವ ಕೆಲಸ ಅದೇ ದಿನ ಆಗಬೇಕು. ಮೂರು ದಿನ ಬಿಟ್ಟರೆ ನಿಮ್ಮದೇ ಅಕ್ಷರ ನಿಮಗೇ ಅರ್ಥ ಆಗುವುದಿಲ್ಲ.

ನಾಲ್ಕು ಸಲ ಓದಿದ್ದೇನೆ. ಆದರೂ ಪರೀಕ್ಷೆಯಲ್ಲಿ ಏನೂ ನೆನಪಿಗೆ ಬರುವುದಿಲ್ಲ. ಯಾಕೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ನಾಲ್ಕನೇ ಸಲ ಓದುವಾಗ ಪುಟ ಪರಿಚಿತ ಅನ್ನಿಸುತ್ತದೆ. ‘ಇದು ಗೊತ್ತು, ಇದೂ ಗೊತ್ತು’ ಎಂದು ಕಣ್ಣು ಜಾರುತ್ತಾ ಹೋಗುತ್ತದೆ. ಪರಿಚಯ ಬೇರೆ, ನೆನಪು ಬೇರೆ. ದಾರಿಯಲ್ಲಿ ಸಿಕ್ಕವರ ಮುಖ ನೋಡಿದ ತಕ್ಷಣ ಗುರುತು ಹಿಡಿಯುತ್ತೇವೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ, ಅಲ್ವಾ? ಪರೀಕ್ಷೆ ಕೇಳುವುದು ಹೆಸರನ್ನು.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಬರಹವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಬರಹ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿದ್ದಿತು. ನಾಲ್ಕು ಅವಧಿ ಓದಿದವರಿಗೆ ಉಳಿದಿದ್ದು ಶೇ. 40, ನೆನಪಿನಿಂದ ಬರೆದವರಿಗೆ ಶೇ. 61. ಓದಿ ಓದಿ ಪರೀಕ್ಷೆಗೆ ಹೋದವರಿಗೆ ಹಿಂದಿನ ರಾತ್ರಿ ಅಷ್ಟೊಂದು ಧೈರ್ಯ ಇದ್ದು, ಹಾಲ್‌ನಲ್ಲಿ ಎಲ್ಲ ಮಾಯವಾಗುವುದು ಯಾಕೆ ಎಂದು ಇದರಿಂದ ತಿಳಿಯುತ್ತದೆ.

ಮಾಡಬೇಕಾದ್ದು ಸುಲಭ, ಮಾಡುವಾಗ ಮಾತ್ರ ಹಿಂಸೆ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಿರಿ. ಒಂದು ಉದಾಹರಣೆ ಹೇಳುತ್ತೇನೆ. 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂಬ ಸಾಧನೆ ಎಲ್ಲರೂ ನೋಡಿರುವಂಥದ್ದು. ಓದುವಾಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇರುತ್ತದೆ. ಪುಸ್ತಕ ಮುಚ್ಚಿ ಬರೆಯಲು ಕೂತೆ. ವರ್ಗಮೂಲ 2 ಎನ್ನುವುದು ಪಿ ಬೈ ಕ್ಯೂ ಅಂದುಕೊಳ್ಳೋಣ, ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲ. ಎರಡೂ ಕಡೆ ವರ್ಗ ಮಾಡಿದರೆ ಪಿ ಸ್ಕ್ವೇರ್ ಎರಡು ಕ್ಯೂ ಸ್ಕ್ವೇರ್‌ಗೆ ಸಮ. ಆದ್ದರಿಂದ ಪಿ ಸ್ಕ್ವೇರ್ ಸಮಸಂಖ್ಯೆ. ಆದ್ದರಿಂದ ಪಿ ಸಮಸಂಖ್ಯೆ. ಅಲ್ಲಿ ಪೆನ್ನು ನಿಂತಿತು. ವರ್ಗ ಸಮಸಂಖ್ಯೆ ಆದರೆ ಮೂಲವೂ ಯಾಕೆ ಸಮ ಆಗಬೇಕು? ಓದುವಾಗ ಹತ್ತು ಸಲ ಆ ಸಾಲನ್ನು ದಾಟಿದ್ದೆ, ಒಮ್ಮೆಯೂ ಈ ಪ್ರಶ್ನೆ ಹುಟ್ಟಿರಲಿಲ್ಲ. ಬೆಸಸಂಖ್ಯೆಯ ವರ್ಗ ಯಾವಾಗಲೂ ಬೆಸ ಎಂದು ತೋರಿಸಿದ ಮೇಲೆ ಪೆನ್ನು ಮುಂದೆ ಹೋಯಿತು. ಪಿ ಅನ್ನು 2ಕೆ ಎಂದು ಬರೆದರೆ ಕ್ಯೂ ಕೂಡ ಸಮ ಎಂದು ಬರುತ್ತದೆ. ಎರಡಕ್ಕೂ 2 ಸಾಮಾನ್ಯ ಅಪವರ್ತನ. ಇಲ್ಲ ಎಂದು ಶುರು ಮಾಡಿದ್ದೆವು, ಹಾಗಾಗಿ ವಿರೋಧ.

ಪೆನ್ನು ನಿಂತ ಜಾಗವೇ ನೀವು ಓದಬೇಕಾದ ಜಾಗ. ಉಳಿದದ್ದು ನಿಮಗೆ ಬರುತ್ತದೆ.

2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು ಓದಿನ ಹತ್ತು ವಿಧಾನಗಳನ್ನು ಪರಿಶೀಲಿಸಿದ್ದರು. ಹೆಚ್ಚು ಉಪಯುಕ್ತ ಎಂದು ಅವರು ಹೇಳಿದ್ದು ಎರಡನ್ನೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಮತ್ತು ಓದನ್ನು ದಿನಗಳ ಮೇಲೆ ಹಂಚುವುದು. ಮತ್ತೆ ಮತ್ತೆ ಓದುವುದು, ಹೈಲೈಟರ್ ಎಳೆಯುವುದು ಕೆಳಗಿನ ಸಾಲಿನಲ್ಲಿದ್ದವು. ಹೆಚ್ಚಿನವರು ಮಾಡುವುದು ಆ ಎರಡನ್ನೇ.

ಓದಿದ್ದನ್ನು ಮತ್ತೆ ಯಾವಾಗ ನೋಡಬೇಕು?

ಮರೆಯಲು ಶುರುವಾದಾಗ. 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದ. ಹೆಚ್ಚಿನ ಮರೆವು ಮೊದಲ ಒಂದು ದಿನದಲ್ಲೇ ಆಗಿಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಕಂಡಿತು. ಅರ್ಥ ಇರುವ ಪಾಠ ಅಷ್ಟು ಬೇಗ ಮರೆಯುವುದಿಲ್ಲ, ಆದರೆ ಇಳಿಯುವ ರೀತಿ ಅದೇ.

ನಾನು ಹೇಳುವ ಕ್ರಮ: ಅದೇ ದಿನ ಸಂಜೆ ಹತ್ತು ನಿಮಿಷ, ಮೂರನೇ ದಿನ ಒಮ್ಮೆ, ವಾರದ ಕೊನೆಗೆ ಒಮ್ಮೆ, ಮೂರು ವಾರ ಬಿಟ್ಟು ಒಮ್ಮೆ. ದಿನಗಳ ಲೆಕ್ಕ ಒಂದೆರಡು ಆಚೀಚೆ ಆದರೆ ಏನೂ ಆಗುವುದಿಲ್ಲ. ಪ್ರತಿ ಸಲವೂ ಪುಸ್ತಕ ಮುಚ್ಚಿ ಮಾಡಬೇಕು, ಅಷ್ಟೇ.

ಬಿಡಿಸಿದ ಲೆಕ್ಕ ನೋಡಿದರೆ ಅರ್ಥ ಆಗುತ್ತದೆ. ಹೊಸದು ಕೊಟ್ಟರೆ ಕೈ ಓಡುವುದಿಲ್ಲ. ಏನು ಮಾಡಲಿ?

ಉತ್ತರ ತೆರೆಯುವ ಮೊದಲು ಇಪ್ಪತ್ತು ನಿಮಿಷ ಒದ್ದಾಡಿ. ಗಡಿಯಾರ ಇಟ್ಟುಕೊಂಡೇ ಒದ್ದಾಡಿ. ಕೊಟ್ಟಿರುವುದೇನು, ಕೇಳಿರುವುದೇನು, ಚಿತ್ರ ಬರೆಯಬಹುದಾ, ಚಿಕ್ಕ ಸಂಖ್ಯೆ ಹಾಕಿ ನೋಡಬಹುದಾ? ಇಪ್ಪತ್ತು ನಿಮಿಷ ಆದರೂ ಬರಲಿಲ್ಲವಾ, ಉತ್ತರದ ಮೊದಲ ಸಾಲು ಮಾತ್ರ ನೋಡಿ, ಮುಚ್ಚಿ, ಮತ್ತೆ ಪ್ರಯತ್ನಿಸಿ. ಪೂರ್ತಿ ನೋಡಬೇಕಾಗಿ ಬಂದರೆ ಆ ಲೆಕ್ಕದ ಪಕ್ಕ ಒಂದು ಗುರುತು ಹಾಕಿ, ಎರಡು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ನೀವೇ ಬಿಡಿಸಿ. ಗುರುತು ಹಾಕಿದ್ದನ್ನು ಮತ್ತೆ ಮಾಡದಿದ್ದರೆ ಹಾಕಿಯೂ ದಂಡ.

ಇನ್ನೊಂದು ಮಾತು. ಒಂದೇ ಬಗೆಯ ಇಪ್ಪತ್ತು ಲೆಕ್ಕ ಒಟ್ಟಿಗೆ ಮಾಡಿದರೆ ಮೂರನೆಯದಾದ ಮೇಲೆ ಯೋಚನೆಯೇ ಬೇಕಾಗುವುದಿಲ್ಲ. ಯಾವ ವಿಧಾನ ಎಂದು ಮೊದಲೇ ಗೊತ್ತು. ಪರೀಕ್ಷೆಯಲ್ಲಿ ಕಷ್ಟ ಇರುವುದೇ ಯಾವ ವಿಧಾನ ಎಂದು ಗುರುತಿಸುವುದರಲ್ಲಿ. ಅದಕ್ಕೆ ಮೂರು ಅಧ್ಯಾಯದ ಲೆಕ್ಕಗಳನ್ನು ಕಲಸಿ ಮಾಡಿ.

ಅಸೈನ್‌ಮೆಂಟನ್ನು ಸೀನಿಯರ್ ಹತ್ತಿರ ಇಸ್ಕೊಂಡು ಬರೆದರೆ ತಪ್ಪಾ? ಎಐ ಚಾಟ್‌ಬಾಟ್ ಕೇಳಿದರೆ?

ತಪ್ಪು, ಮತ್ತು ಸಿಕ್ಕಿಬಿದ್ದರೆ ಶಿಕ್ಷೆ ಇರುತ್ತದೆ. ಚಾಟ್‌ಬಾಟ್ ಎಲ್ಲಿಯವರೆಗೆ ಬಳಸಬಹುದು ಎನ್ನುವುದನ್ನು ಆಯಾ ವಿಷಯದ ಮೇಷ್ಟ್ರನ್ನೇ ಕೇಳಿ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪದಿರಬಹುದು.

ನನ್ನ ಚಿಂತೆ ಬೇರೆ ಇದೆ. ಅಸೈನ್‌ಮೆಂಟಿಗೆ ಇರುವುದು ಐದೋ ಹತ್ತೋ ಮಾರ್ಕ್ಸ್. ಅದೇ ಬಗೆಯ ಪ್ರಶ್ನೆ ಪರೀಕ್ಷೆಯಲ್ಲಿ ಮೂವತ್ತು ಮಾರ್ಕ್ಸಿಗೆ ಬರುತ್ತದೆ. ಅವತ್ತು ನಿಮ್ಮ ಕೈಯಲ್ಲಿ ಇರುವುದು ಪೆನ್ನು ಮಾತ್ರ. ಚಾಟ್‌ಬಾಟ್ ಬಳಸಲು ಅನುಮತಿ ಇದ್ದರೆ ಅದರಿಂದ ಉತ್ತರ ಕೇಳಬೇಡಿ, ಪ್ರಶ್ನೆ ಕೇಳಿಸಿಕೊಳ್ಳಿ. ‘ಈ ಅಧ್ಯಾಯದಿಂದ ಐದು ಪ್ರಶ್ನೆ ಕೇಳು, ನನ್ನ ಉತ್ತರದಲ್ಲಿ ತಪ್ಪೆಲ್ಲಿ ಹೇಳು’ ಎಂದರೆ ಅದು ಕೆಲಸಕ್ಕೆ ಬರುತ್ತದೆ. ತಪ್ಪನ್ನೂ ಧೈರ್ಯವಾಗಿ ಹೇಳುವ ಅಭ್ಯಾಸ ಅದಕ್ಕಿದೆ, ಪಠ್ಯಪುಸ್ತಕದ ಜೊತೆ ತಾಳೆ ನೋಡಲೇಬೇಕು.

ಗ್ರೂಪ್ ಸ್ಟಡಿ ಒಳ್ಳೆಯದಾ?

ಮೂರ್ನಾಲ್ಕು ಜನ ಇದ್ದು, ಪ್ರತಿಯೊಬ್ಬರೂ ಮೊದಲೇ ಒಬ್ಬರೇ ಪ್ರಯತ್ನಿಸಿ ಬಂದಿದ್ದರೆ ತುಂಬ ಒಳ್ಳೆಯದು. ಇನ್ನೊಬ್ಬರಿಗೆ ವಿವರಿಸುವಾಗ ನಮ್ಮ ತೂತುಗಳು ನಮಗೇ ಕಾಣುತ್ತವೆ. ಯಾರೂ ಓದಿ ಬಂದಿಲ್ಲ ಅಂದರೆ ಅದು ಹರಟೆ. ಹರಟೆಯೂ ಬೇಕು, ಆದರೆ ಅದನ್ನು ಓದಿನ ಲೆಕ್ಕಕ್ಕೆ ಬರೆಯಬೇಡಿ.

ಡೌಟ್ ಕೇಳಲು ಭಯ. ‘ಇಷ್ಟೂ ಗೊತ್ತಿಲ್ವಾ’ ಅಂದರೆ?

ಹಾಗೆ ಅನ್ನುವವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ, ಸುಳ್ಳು ಹೇಳುವುದಿಲ್ಲ. ಆದರೆ ಕೇಳುವ ರೀತಿಯಿಂದ ಬಹಳ ವ್ಯತ್ಯಾಸ ಆಗುತ್ತದೆ. ‘ಸರ್, ನಾಲ್ಕನೇ ಅಧ್ಯಾಯ ಅರ್ಥ ಆಗಲಿಲ್ಲ’ ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ಗೊತ್ತಾಗುವುದಿಲ್ಲ. ‘ಮೇಡಂ, ಈ ಲೆಕ್ಕದಲ್ಲಿ ಮೂರನೇ ಸಾಲಿನವರೆಗೆ ಬಂದೆ. ಇಲ್ಲಿ ಚಿಹ್ನೆ ಯಾಕೆ ಬದಲಾಯಿತು ಗೊತ್ತಾಗಲಿಲ್ಲ’ ಎಂದು ನೀವು ಬರೆದ ಹಾಳೆಯನ್ನೇ ಮುಂದಿಟ್ಟರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಪ್ರಯತ್ನ ಕಾಣಿಸಿದರೆ ಬೈಯುವವರು ಕಡಿಮೆ. ಕ್ಲಾಸಿನಲ್ಲಿ ಎಲ್ಲರ ಮುಂದೆ ಕಷ್ಟ ಅನ್ನಿಸಿದರೆ ಕ್ಲಾಸ್ ಮುಗಿದ ಮೇಲೆ ಕೊಠಡಿಗೆ ಹೋಗಿ ಕೇಳಿ. ಹಾಗೆ ಹೋಗುವವರು ಎಷ್ಟು ಕಡಿಮೆ ಎಂದು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ನೋಡಿದರೆ ಸಾಕಾ?

ನೋಡಿದರೆ ಸಾಲದು, ಬರೆಯಬೇಕು. ಸಮಯ ಇಟ್ಟುಕೊಂಡು, ಫೋನ್ ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ಪತ್ರಿಕೆ. ಕಡೇ ಪಕ್ಷ ಒಂದು ಪತ್ರಿಕೆಯನ್ನು ಪರೀಕ್ಷೆಗೆ ಎರಡು ವಾರ ಇರುವಾಗಲೇ ಬರೆಯಿರಿ. ಹಿಂದಿನ ದಿನ ಬರೆದು ತಪ್ಪು ಕಂಡರೆ ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಬಹುದಾ?

ಬೇಡ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಸೇರಿಸಿಕೊಂಡ ಹತ್ತು ಮಾರ್ಕ್ಸನ್ನು ಕೂಡುವ ಕಳೆಯುವ ತಪ್ಪಿನಲ್ಲೇ ಕಳೆದುಕೊಂಡು ಬಂದವರನ್ನು ನೋಡಿದ್ದೇನೆ.

ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ.

ಮೊದಲೇ ಭಾಗ ಮಾಡಿಕೊಳ್ಳಿ. ಮೂರು ಗಂಟೆ, 100 ಮಾರ್ಕ್ಸ್ ಅಂದರೆ 180 ನಿಮಿಷ. ಪ್ರಶ್ನೆಪತ್ರಿಕೆ ಓದಲು ಹತ್ತು, ಕೊನೆಗೆ ತಿರುಗಿಸಿ ನೋಡಲು ಹತ್ತು. ಉಳಿದದ್ದು 160. ಹಾಗಾಗಿ ಹತ್ತು ಮಾರ್ಕ್ಸಿನ ಪ್ರಶ್ನೆಗೆ 16 ನಿಮಿಷ. ಹದಿನಾರು ಆಯಿತಾ, ಜಾಗ ಬಿಟ್ಟು ಮುಂದೆ ಹೋಗಿ. ಒಂದೇ ಪ್ರಶ್ನೆಗೆ ನಲವತ್ತು ನಿಮಿಷ ಹಾಕಿ ಪೂರ್ತಿ ಹತ್ತು ತಗೊಂಡರೂ ಒಂದೂವರೆ ಪ್ರಶ್ನೆಯ ಸಮಯ ಕೈತಪ್ಪಿರುತ್ತದೆ. ಬರದ ಪ್ರಶ್ನೆಗೂ ಸೂತ್ರ, ಚಿತ್ರ, ಮೊದಲ ಎರಡು ಹೆಜ್ಜೆ ಬರೆಯಿರಿ. ಹೆಜ್ಜೆಗಳಿಗೆ ಮಾರ್ಕ್ಸ್ ಕೊಡುವ ಕಡೆ ಖಾಲಿ ಬಿಟ್ಟ ಜಾಗಕ್ಕೆ ಮಾತ್ರ ಸೊನ್ನೆ ಖಚಿತ.

ಮೊದಲ ಇಂಟರ್ನಲ್ಸ್ ಕೆಟ್ಟುಹೋಯಿತು. ಈಗ ಏನೂ ಆಗುವುದಿಲ್ವಾ?

ಆಗುತ್ತದೆ. ಮೊದಲು ಬ್ಯಾಗಿನ ತಳದಿಂದ ಆ ಉತ್ತರಪತ್ರಿಕೆ ತೆಗೆಯಿರಿ. ನಾನು ಎರಡು ವಾರ ತಡ ಮಾಡಿದ್ದೆ, ನೀವು ಮಾಡಬೇಡಿ. ಹೋದ ಪ್ರತಿ ಮಾರ್ಕ್ಸಿನ ಪಕ್ಕ ಕಾರಣ ಬರೆಯಿರಿ: ಗೊತ್ತೇ ಇರಲಿಲ್ಲ, ಗೊತ್ತಿತ್ತು ನೆನಪಾಗಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಕೈತಪ್ಪು, ಸಮಯ ಸಾಲಲಿಲ್ಲ. ನನ್ನ 38ರ ಪತ್ರಿಕೆಯಲ್ಲಿ ಹೋಗಿದ್ದ 62ರಲ್ಲಿ ಸುಮಾರು 30 ‘ಗೊತ್ತಿತ್ತು ನೆನಪಾಗಲಿಲ್ಲ’ ಎಂಬ ಸಾಲಿಗೆ ಬಂದವು. ನನಗೆ ತಲೆ ಇಲ್ಲ ಅಂದುಕೊಂಡಿದ್ದೆ. ಕಾರಣ ನೋಡಿದರೆ ನಾನು ಓದುತ್ತಿದ್ದೆ, ಬರೆದು ನೋಡುತ್ತಿರಲಿಲ್ಲ.

ಆಮೇಲೆ ಲೆಕ್ಕ ಹಾಕಿ. ಇಂಟರ್ನಲ್ಸ್‌ಗೆ 40, ಫೈನಲ್‌ಗೆ 60 ಇದೆ, ನಿಮಗೆ 40ಕ್ಕೆ 16 ಬಂದಿದೆ ಎಂದಿಟ್ಟುಕೊಳ್ಳಿ. ಒಟ್ಟು 70 ಬೇಕಾದರೆ ಫೈನಲ್‌ನಲ್ಲಿ 60ಕ್ಕೆ 54 ಬೇಕು. ಕಷ್ಟ. ಒಟ್ಟು 60 ಸಾಕು ಅಂದರೆ 44 ಬೇಕು. ಇದು ಕೈಗೆಟುಕುವ ಸಂಖ್ಯೆ. ಎಲ್ಲ ವಿಷಯಕ್ಕೂ ಹೀಗೆ ಬರೆದು ನೋಡಿದರೆ, ಯಾವುದರಲ್ಲಿ ಹತ್ತು ಗಂಟೆ ಹಾಕಿದರೆ ಗ್ರೇಡ್ ಒಂದು ಮೆಟ್ಟಿಲು ಏರುತ್ತದೆ ಎಂದು ಕಾಣುತ್ತದೆ. ಒಂದು ವಿಷಯ ನಿಜಕ್ಕೂ ಕೈಮೀರಿದ್ದರೆ, ಅದನ್ನು ಈ ಸಲ ಬಿಟ್ಟು ಮುಂದಿನ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಲು ನಿಮ್ಮ ಕಾಲೇಜು ಬಿಡುತ್ತದಾ, ಕೊನೆಯ ತಾರೀಖು ಯಾವತ್ತು ಎಂದು ಆಫೀಸಿನಲ್ಲಿ ಇವತ್ತೇ ವಿಚಾರಿಸಿ. ಆ ತಾರೀಖು ದಾಟಿದ ಮೇಲೆ ಗೊತ್ತಾದವರೇ ಜಾಸ್ತಿ.

ರಾತ್ರಿ ನಿದ್ದೆ ಬರುತ್ತಿಲ್ಲ, ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಯಾರ ಜೊತೆಗೂ ಮಾತು ಬೇಡ ಎಂದು ವಾರಗಟ್ಟಲೆ ಅನ್ನಿಸುತ್ತಿದ್ದರೆ ಅದು ಓದಿನ ವಿಧಾನದ ಸಮಸ್ಯೆ ಅಲ್ಲ. ಮನೆಯವರಿಗೆ ಹೇಳಿ, ಕಾಲೇಜಿನ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಹೋಗಿ. ಒಬ್ಬರೇ ಹೋಗಲು ಕಷ್ಟ ಅಂದರೆ ಪಕ್ಕದಲ್ಲಿ ಕೂರುವವರನ್ನು ಕರೆದುಕೊಂಡು ಹೋಗಿ. ಅವರ ಬ್ಯಾಗಿನ ತಳದಲ್ಲೂ ಒಂದು ಮಡಚಿದ ಹಾಳೆ ಇರಬಹುದು.